ನಾನಿಮಾಗೆ ಯಾವ ಮಾತಿನಲ್ಲಿ ಉತ್ತರ?

ಕನ್ನಡ ಶಾಲೆಯಲ್ಲಿ ಕಲಿತವರು ಒಮ್ಮೆಯಾದರೂ ಕೇಳಿರುವ ಪ್ರಸಂಗವಿದು. ಮೈಸೂರಿನಲ್ಲಿ ಓದುತ್ತಿದ್ದ ತರುಣ ಪುಟ್ಟಪ್ಪ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ತರುಣ ತನ್ನ ಕವಿತೆಗಳನ್ನು ಅವರ ಮುಂದಿಟ್ಟರು. ಕಸಿನ್ಸ್ ಓದಿ ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಪುಟ್ಟಪ್ಪ ಕುವೆಂಪು ಆದರು. ಉಳಿದದ್ದು ಕನ್ನಡದ ಚರಿತ್ರೆ.

ಈ ಪ್ರಸಂಗವನ್ನು ಹೇಳುವಾಗ ‘ಐರಿಷ್’ ಎಂಬ ಮಾತಿನ ಬಳಿ ಯಾರೂ ನಿಲ್ಲುವುದಿಲ್ಲ. ಕಸಿನ್ಸ್ ಹುಟ್ಟಿದ್ದು ಬೆಲ್‌ಫಾಸ್ಟ್‌ನಲ್ಲಿ. ಅವರ ಕವಿತೆಗಳು ಇಂಗ್ಲಿಷಿನವು. ಅವರ ನಾಡಿಗೆ ಸಾವಿರಾರು ವರ್ಷದ ಸ್ವಂತ ನುಡಿಯೊಂದಿತ್ತು; ಅದನ್ನು ಐರಿಷ್ ಎನ್ನುತ್ತಾರೆ, ಗೇಲಿಕ್ ಎಂದೂ ಕರೆಯುತ್ತಾರೆ. ಕಸಿನ್ಸ್ ಬೆಳೆಯುವ ಹೊತ್ತಿಗೆ ಆ ನುಡಿ ಪಶ್ಚಿಮದ ಕಡಲಂಚಿನ ಬಡ ಹಳ್ಳಿಗಳಿಗೆ ಸರಿದುಹೋಗಿತ್ತು. ನುಡಿ ಕೈತಪ್ಪಿದ ನಾಡಿನಿಂದ ಬಂದವರೊಬ್ಬರು ನಮ್ಮ ಹುಡುಗನಿಗೆ ನಿನ್ನ ನುಡಿ ಬಿಡಬೇಡ ಎಂದರು. ಆ ಮಾತಿನ ಹಿಂದೆ ಒಂದು ದೇಶದ ಅನುಭವವಿತ್ತು.

ಅಷ್ಟು ದೂರದ ದ್ವೀಪದ ಮಾತನ್ನು ನಾವು ಇಲ್ಲಿ ಎತ್ತಲು ಕಾರಣ ನಮ್ಮ ಉಡುಪಿ ಜಿಲ್ಲೆ. ತುಳುವನ್ನು ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಎಂಬ ಬೇಡಿಕೆ ನಮ್ಮಲ್ಲಿ ಹಳೆಯದು. ಬ್ಯಾರಿಗೆ ಅಕಾಡೆಮಿ ಬೇಕೆಂದು ಕೇಳಿದೆವು, 2007ರಲ್ಲಿ ಬಂತು. ಉರ್ದು ಶಾಲೆಗೆ ಶಿಕ್ಷಕರು ಬೇಕೆಂದು ಕೇಳುತ್ತಲೇ ಇದ್ದೇವೆ. ಇವೆಲ್ಲ ನ್ಯಾಯವಾದ ಬೇಡಿಕೆಗಳು. ಆದರೆ ಕೇಳಿದ್ದೆಲ್ಲ ಸಿಕ್ಕಿದ ಮೇಲೂ ಒಂದು ಭಾಷೆ ಏನಾಗಬಹುದು ಎಂಬುದನ್ನು ನೋಡಬೇಕಾದರೆ ಐರ್ಲೆಂಡಿನ ಕಡೆ ತಿರುಗಬೇಕು.

ಅಲ್ಲಿ 1831ರಲ್ಲಿ ಸರಕಾರಿ ಶಾಲಾ ವ್ಯವಸ್ಥೆ ಬಂತು, ಪಾಠ ಇಂಗ್ಲಿಷಿನಲ್ಲಿ. ಎಷ್ಟೋ ಕಡೆ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತು ಬಾಯಿಂದ ಬಂದಾಗಲೆಲ್ಲ ಆ ಕೋಲಿನ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಪೆಟ್ಟು. ಇದರಲ್ಲಿ ಮೇಷ್ಟ್ರ ಜೊತೆ ತಂದೆತಾಯಿಯೂ ಕೈಜೋಡಿಸುತ್ತಿದ್ದರು ಎನ್ನುವುದು ಮನಸ್ಸನ್ನು ಕಲಕುವ ಸಂಗತಿ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು. 10 ಲಕ್ಷಕ್ಕೂ ಮಿಕ್ಕಿ ಜನ ಹಡಗು ಹತ್ತಿದರು. ಸತ್ತವರಲ್ಲಿ, ಹೋದವರಲ್ಲಿ ಐರಿಷ್ ಮಾತಾಡುವ ಬಡವರೇ ಹೆಚ್ಚು. ಉಳಿದ ತಾಯಂದಿರಿಗೆ ಒಂದು ವಿಷಯ ಖಚಿತವಾಯಿತು: ಮಗ ಬದುಕಬೇಕಾದರೆ ಅಮೆರಿಕಕ್ಕೆ ಹೋಗಬೇಕು, ಅಲ್ಲಿ ಅನ್ನ ಕೊಡುವುದು ಇಂಗ್ಲಿಷ್. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ ಇದ್ದರು. 1901ಕ್ಕೆ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿದರು. ತಾಯಂದಿರು ಆ ಮಾತನ್ನು ಕೈಬಿಟ್ಟದ್ದು ದ್ವೇಷದಿಂದಲ್ಲ, ಮಕ್ಕಳ ಮೇಲಿನ ಮಮತೆಯಿಂದ.

ಆಮೇಲೆ ಸ್ವಾತಂತ್ರ್ಯ ಬಂತು. 1937ರ ಸಂವಿಧಾನ ಐರಿಷನ್ನು ರಾಷ್ಟ್ರಭಾಷೆ, ಮೊದಲ ಅಧಿಕೃತ ಭಾಷೆ ಎಂದು ಘೋಷಿಸಿತು, ಇಂಗ್ಲಿಷ್ ಎರಡನೆಯದು. ಶಾಲೆಗಳಲ್ಲಿ ಕಡ್ಡಾಯವಾಯಿತು. 1973ರವರೆಗೆ ಐರಿಷ್‌ನಲ್ಲಿ ಫೇಲಾದವರಿಗೆ ಪ್ರೌಢಶಾಲೆಯ ಕೊನೆಯ ಪರೀಕ್ಷೆಯೇ ಪಾಸಾಗುತ್ತಿರಲಿಲ್ಲ. 1972ರಲ್ಲಿ ರೇಡಿಯೋ, 1996ರಲ್ಲಿ ಟಿ.ವಿ., 2003ರಲ್ಲಿ ಭಾಷಾ ಕಾಯ್ದೆ, 2007ರಲ್ಲಿ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯ ಪಟ್ಟ. ನಮ್ಮ ತುಳುವಿಗೆ, ಬ್ಯಾರಿಗೆ ಕನಸಿನಲ್ಲೂ ಸಿಗದ ಸವಲತ್ತುಗಳಿವು. ಫಲವೇನು? 2022ರ ಜನಗಣತಿಯಲ್ಲಿ ಸುಮಾರು 18 ಲಕ್ಷ 74 ಸಾವಿರ ಜನ, ಅಂದರೆ ನೂರಕ್ಕೆ ನಲವತ್ತು ಮಂದಿ, ನಮಗೆ ಐರಿಷ್ ಬರುತ್ತದೆ ಎಂದು ಬರೆಸಿದರು. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಎಷ್ಟು ಎಂದು ನೋಡಿದರೆ 71,968 ಮಂದಿ. ಭಾಷೆ ಬರುತ್ತದೆ ಎನ್ನುವುದಕ್ಕೂ ಭಾಷೆಯನ್ನು ಆಡುತ್ತೇವೆ ಎನ್ನುವುದಕ್ಕೂ ನಡುವಿನ ಅಂತರ ಇಷ್ಟು.

ಈಗ ನಮ್ಮ ಕಡೆ ಬರೋಣ. ಕಾರ್ಕಳದಲ್ಲಿ ಬಸ್ಸು ಹತ್ತಿ ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಬನ್ನಿ. ಬಸ್ಸು ಹೊರಡುವಾಗ ಕಂಡಕ್ಟರನದು ತುಳು, ಬೋರ್ಡಿನದು ಕನ್ನಡ. ಹಿಂದಿನ ಸೀಟಿನಲ್ಲಿ ಕೊಂಕಣಿ. ಬುರ್ಖಾ ತೊಟ್ಟ ಇಬ್ಬರು ಹೆಂಗಸರ ನಡುವೆ ದಖ್ಖನಿ ಉರ್ದು. ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಇಳಿದರೆ ಇಂಗ್ಲಿಷು, ಹಿಂದಿ. ದೇಶದ ಮೂಲೆಮೂಲೆಯ ಹುಡುಗರು ಅಲ್ಲಿ ಕಲಿಯಲು ಬರುತ್ತಾರಷ್ಟೆ. ಉಡುಪಿಗೆ ಇಳಿದು ಕಟ್ಪಾಡಿ ಮಾರ್ಗವಾಗಿ ಕಾಪುವಿಗೆ ಹೋದರೆ ಬ್ಯಾರಿ ಕಿವಿಗೆ ಬೀಳುತ್ತದೆ. ಉಚ್ಚಿಲ, ಪಡುಬಿದ್ರೆಯತ್ತ ಹೋದ ಹಾಗೆ ಇನ್ನೂ ಹೆಚ್ಚು. ಬಡಗಣ ದಿಕ್ಕಿಗೆ ಬೈಂದೂರು, ಶಿರೂರಿಗೆ ಹೋದರೆ ನವಾಯಿತಿ. ಒಂದು ಜಿಲ್ಲೆಯ ಮುಸ್ಲಿಮರಲ್ಲೇ ಮೂರು ಮನೆಮಾತು. ಪೇಟೆಯಲ್ಲಿ ಎಲ್ಲರಿಗೂ ತುಳು, ಕಚೇರಿಯಲ್ಲಿ ಎಲ್ಲರಿಗೂ ಕನ್ನಡ. ಮೀನು ಮಾರುವ ಮೊಗವೀರ ಅಕ್ಕನ ಹತ್ತಿರ ನಮ್ಮ ತಾಯಂದಿರು ಚೌಕಾಸಿ ಮಾಡಿದ್ದು ತುಳುವಿನಲ್ಲಿ. ಆ ಚೌಕಾಸಿಯಲ್ಲಿ ಯಾರೂ ಯಾರ ಜಾತಿ ಧರ್ಮವನ್ನು ವ್ಯಾಕರಣದಿಂದ ಅಳೆಯಲಿಲ್ಲ.

ಇಷ್ಟು ಮಾತುಗಳ ನಡುವೆ ಮನೆಮಾತಿಗೆ ಒಂದು ಖಾಯಂ ಕೊರತೆಯಿತ್ತು: ಅದಕ್ಕೆ ಮರ್ಯಾದೆಯ ಜಾಗ ಸಿಗಲಿಲ್ಲ. ಬ್ಯಾರಿ ಮನೆಯ ಮಗು ಉಮ್ಮನ ಹತ್ತಿರ ಬ್ಯಾರಿ ಆಡಿತು, ಮದ್ರಸದಲ್ಲಿ ಅರಬಿ ಲಿಪಿಯಲ್ಲಿ ಬರೆದ ಮಲಯಾಳ ಓದಿತು, ಶಾಲೆಯಲ್ಲಿ ಕನ್ನಡ ಬರೆಯಿತು. ತನ್ನ ಮಾತನ್ನು ಎಲ್ಲಿಯೂ ಓದಲಿಲ್ಲ, ಎಲ್ಲಿಯೂ ಬರೆಯಲಿಲ್ಲ. ದಖ್ಖನಿಯವರ ಪಾಡು ಇನ್ನೊಂದು ಬಗೆ. ನಾವು ಮೊದಲು ಕಲಿತದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ‘ಮೇರೆಕು ನಕ್ಕೊ’ ಎನ್ನುತ್ತಿದ್ದೆವು. ಉರ್ದು ಮೇಷ್ಟ್ರು ಅದನ್ನು ಹೊಡೆದುಹಾಕಿ ‘ಮುಝೆ ನಹೀಂ ಚಾಹಿಯೇ’ ಎಂದು ಬರೆಸುತ್ತಿದ್ದರು. ‘ಕೈಕು’ ಎಂದರೆ ನಗೆಪಾಟಲು, ‘ಕ್ಯೂಂ’ ಎಂದರೆ ಶುದ್ಧ. ‘ಹೌ’ ಎಂದರೆ ಹಳ್ಳಿ, ‘ಜೀ ಹಾಂ’ ಎಂದರೆ ತೆಹಜೀಬು. ಹೀಗೆ ಉರ್ದು ಮನೆಯ ಮಕ್ಕಳಿಗೆ ಉರ್ದು ಶಾಲೆಯಲ್ಲೇ ತಮ್ಮ ಉರ್ದು ತಪ್ಪು ಎಂಬ ಪಾಠವಾಯಿತು. ಈ ‘ತಪ್ಪು’ ಉರ್ದುವಿನಲ್ಲಿಯೇ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬೆ ನವರಸ್’ ಬರೆದ ಎಂಬುದನ್ನು ನಮಗೆ ಶಾಲೆ ಹೇಳಲಿಲ್ಲ. ‘ನಕ್ಕೊ’ ಮರಾಠಿಯಿಂದ ಬಂದದ್ದು, ‘ಹೌ’ ಕನ್ನಡದ ‘ಹೌದು’ವಿನ ಪಕ್ಕದಲ್ಲೇ ಕೂರುವಂಥದ್ದು; ಅಂದರೆ ದಖ್ಖನಿ ಎಂಬುದು ಈ ಮಣ್ಣಿನ ನೆರೆಹೊರೆಯಿಂದಲೇ ಬೆಳೆದ ಮಾತು ಎಂಬುದನ್ನೂ ಹೇಳಲಿಲ್ಲ.

ಐರಿಷ್‌ನವರಿಗೂ ಈ ಗೋಳು ತಪ್ಪಲಿಲ್ಲ. ಅಲ್ಲಿ ದಕ್ಷಿಣ, ಪಶ್ಚಿಮ, ಉತ್ತರ ಎಂದು ಮೂರು ಬಗೆಯ ಆಡುಮಾತುಗಳಿವೆ. 1958ರಲ್ಲಿ ಸರಕಾರ ಶಿಷ್ಟ ರೂಪವೊಂದನ್ನು ಪ್ರಕಟಿಸಿತು. ಕಚೇರಿಗೆ, ಪಠ್ಯಕ್ಕೆ ಅದು ಬೇಕೇಬೇಕಿತ್ತು. ಆದರೆ ಹುಟ್ಟಿನಿಂದ ಆ ಮಾತನ್ನು ಆಡಿಕೊಂಡು ಬಂದ ಮೀನುಗಾರನ ಮನೆಯ ಮಗುವಿಗೆ ಪುಸ್ತಕದ ಐರಿಷ್ ಬೇರೆ ಎನಿಸಿತು. ನಗರದ ಮಗುವಿಗೋ ಅದು ಮಾರ್ಕು ತರಬೇಕಾದ ಕಷ್ಟದ ವಿಷಯ. ಭಾಷೆಯನ್ನು ಪರೀಕ್ಷೆಯ ವಿಷಯ ಮಾಡಿದಾಗ ಅದನ್ನು ಗೌರವಿಸುವವರು ಹೆಚ್ಚುತ್ತಾರೆ, ಅದರಲ್ಲಿ ಜಗಳವಾಡುವವರು ಕಡಿಮೆಯಾಗುತ್ತಾರೆ. ಜಗಳಕ್ಕೆ, ಮುದ್ದಿಗೆ, ಗಾದೆಗೆ ಒದಗದ ಮಾತು ಎಷ್ಟು ದಿನ ಉಳಿದೀತು?

ಐರಿಷ್ ಜನರ ಒಂದು ರೂಢಿ ನಮಗೆ ಬಹಳ ಹತ್ತಿರದ್ದು. ಒಬ್ಬರು ‘ದೇವರು ನಿನ್ನೊಂದಿಗಿರಲಿ’ ಎಂದು ವಂದಿಸಿದರೆ ಎದುರಿನವರು ‘ದೇವರೂ ಮರಿಯಮ್ಮನೂ ನಿನ್ನೊಂದಿಗಿರಲಿ’ ಎಂದು ಒಂದು ಮಾತು ಹೆಚ್ಚು ಸೇರಿಸಿ ಹಿಂದಿರುಗಿಸುತ್ತಾರೆ. ಸಲಾಮಿಗೆ ಅದಕ್ಕಿಂತ ಉತ್ತಮವಾದ ಸಲಾಮು ಹೇಳಬೇಕು ಎಂಬ ಕುರ್‌ಆನಿನ ಬೋಧೆಯನ್ನು ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸುವುದೇ ಇಲ್ಲ. ಎಲ್ಲಿಯ ಅಟ್ಲಾಂಟಿಕ್ ದಡ, ಎಲ್ಲಿಯ ಕಾಪುವಿನ ದೀಪಸ್ತಂಭ! ಒಂದು ನುಡಿ ಹೋದರೆ ಹೋಗುವುದು ಬರೀ ಶಬ್ದಗಳಲ್ಲ, ಮನುಷ್ಯರು ಎದುರುಬದುರಾಗುವ ಇಂಥ ರೀತಿಗಳು.

ಭಾಷೆಗೆ ಧರ್ಮದ ಚೀಟಿ ಅಂಟಿಸುವ ಕಾಯಿಲೆ ಎರಡೂ ಕಡೆ ಇದೆ. ಐರಿಷ್ ಎಂದರೆ ಕೆಥೊಲಿಕರ ಭಾಷೆ ಎಂಬ ಮಾತು ಉತ್ತರ ಐರ್ಲೆಂಡಿನಲ್ಲಿ ಬೇರೂರಿತ್ತು. ನಿಜವೇನೆಂದರೆ 1893ರಲ್ಲಿ ಗೇಲಿಕ್ ಲೀಗ್ ಸ್ಥಾಪಿಸಿ ಆ ಭಾಷೆಯನ್ನು ಮೇಲೆತ್ತಲು ಹೊರಟವರಲ್ಲಿ ಪ್ರಮುಖರಾದ ಡಗ್ಲಸ್ ಹೈಡ್ ಪ್ರೊಟೆಸ್ಟೆಂಟ್ ಪಾದ್ರಿಯ ಮಗ. 1938ರಲ್ಲಿ ದೇಶದ ಮೊದಲ ಅಧ್ಯಕ್ಷರಾದವರೂ ಅವರೇ. ಇತ್ತೀಚೆಗೆ ಪೂರ್ವ ಬೆಲ್‌ಫಾಸ್ಟ್‌ನ ಪ್ರೊಟೆಸ್ಟೆಂಟ್ ಕೇರಿಯಲ್ಲಿ ಲಿಂಡಾ ಎರ್ವಿನ್ ಎಂಬ ಮಹಿಳೆ ‘ಟುರಸ್’ ಎಂಬ ಹೆಸರಿನಲ್ಲಿ ಐರಿಷ್ ತರಗತಿ ನಡೆಸುತ್ತ ಬಂದಿದ್ದಾರೆ. ಇದು ನಮ್ಮದೂ ಹೌದು ಎನ್ನುವುದು ಅವರ ಮಾತಿನ ಸಾರ.

ನಮ್ಮಲ್ಲಿ? 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದ್ದಕ್ಕೆ ಗಲಭೆ ಎದ್ದು 20ಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದ, ಮನೆಯಲ್ಲಿ ಉರ್ದು ಆಡುತ್ತಿದ್ದ ಕುಟುಂಬಗಳ ಪಾಡು ಯಾರಿಗೂ ಬೇಡ. ಎರಡು ನಾಲಗೆಯಲ್ಲಿ ಯಾವುದನ್ನು ಕತ್ತರಿಸಿ ಒಪ್ಪಿಸಬೇಕು? ಮಹಾರಾಷ್ಟ್ರದ ಪಾತೂರು ಪುರಸಭೆಯ ನಾಮಫಲಕದಲ್ಲಿ ಮರಾಠಿಯ ಕೆಳಗೆ ಉರ್ದು ಇರಬಾರದು ಎಂಬ ದಾವೆಯನ್ನು 2025ರ ಏಪ್ರಿಲ್‌ನಲ್ಲಿ ತಳ್ಳಿಹಾಕಿದ ಸುಪ್ರೀಂ ಕೋರ್ಟು, ಭಾಷೆ ಧರ್ಮವಲ್ಲ, ಉರ್ದು ಈ ನೆಲದಲ್ಲೇ ಹುಟ್ಟಿದ ಭಾಷೆ ಎಂಬರ್ಥದ ಮಾತು ಹೇಳಿತು. ಮೀನಿನ ಪೇಟೆಗೆ ಮೊದಲೇ ಗೊತ್ತಿದ್ದ ವಿಷಯ ಕೋರ್ಟಿನ ಕಾಗದಕ್ಕೂ ಬಂದದ್ದು ಸಮಾಧಾನ.

ಇನ್ನು ಸಾಹಿತ್ಯ. ಯೇಟ್ಸ್, ಜಾಯ್ಸ್ ಐರ್ಲೆಂಡನ್ನು ಜಗತ್ತಿಗೆ ತೋರಿಸಿದ್ದು ಇಂಗ್ಲಿಷಿನಲ್ಲಿ. ನಮ್ಮ ಮನೆಗಳ ಬದುಕು ಹೊರಗೆ ಬಂದದ್ದು ಕನ್ನಡದಲ್ಲಿ. ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ‘ಚಂದ್ರಗಿರಿಯ ತೀರದಲ್ಲಿ’ ಕನ್ನಡ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಕರಾವಳಿಯ ಮುಸ್ಲಿಮರ ಅಂಗಳವನ್ನು ಕನ್ನಡ ಕಥೆಗೆ ತಂದರು. ಬಾನು ಮುಷ್ತಾಕ್ ಅವರನ್ನು ಎಂಟು ವರ್ಷದವರಿದ್ದಾಗ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. 2025ರಲ್ಲಿ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅನುವಾದಿಸಿದ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬಿ ಮಾತುಗಳನ್ನು ವಾಲಿಸಿದ ಅಕ್ಷರದಲ್ಲಿ ಹಾಕದೆ ಇಂಗ್ಲಿಷಿನ ಸಾಲಿನಲ್ಲಿ ಸಮಸಮವಾಗಿ ಕೂರಿಸಿದರು.

ಕನ್ನಡ ನಮಗೆ ಎರವಲು ಅಂಗಿಯಲ್ಲ. ಐರಿಷ್‌ನವರಿಗೆ ಇಂಗ್ಲಿಷ್ ಬಂದದ್ದು ಆಳುವವರ ಕೈಯಿಂದ. ನಮಗೆ ಕನ್ನಡ ಬಂದದ್ದು ನೆರೆಮನೆಯಿಂದ, ಮೇಷ್ಟ್ರಿಂದ, ಯಕ್ಷಗಾನದ ರಾತ್ರಿಗಳಿಂದ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ನಮ್ಮ ಕಥೆಗಳಲ್ಲಿ ಬರುವ ಮುದುಕಿಯರ ಮಾತೆಲ್ಲ ನಮ್ಮ ನಾನಿಮಾ ದಖ್ಖನಿಯಲ್ಲಿ ಆಡಿದ್ದು. ಕಾಗದಕ್ಕೆ ಇಳಿಯುವಾಗ ಅದು ಕನ್ನಡವಾಯಿತು. ಕನ್ನಡ ಓದಲು ಬಾರದ ನಾನಿಮಾಗೆ ಆ ಕಥೆಯನ್ನು ಮತ್ತೆ ದಖ್ಖನಿಯಲ್ಲೇ ಹೇಳಬೇಕಾಯಿತು. ಕೇಳಿ, ಇದನ್ನು ನಾನು ಹೀಗೆ ಹೇಳಿದ್ದೇ ಅಲ್ಲ ಎಂದು ನಕ್ಕರು. ಆ ನಗು ಒಳ್ಳೆಯ ವಿಮರ್ಶೆ. ಇಂದಿನ ಮಕ್ಕಳು ಕಥೆಯ ನಾನಿಮಾಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಓದಬಲ್ಲರು. ಮನೆಯ ನಾನಿಮಾಗೆ ಅವರ ಉತ್ತರ ಏನು?

ಕಾರ್ಕಳದಲ್ಲಿ, ಉಡುಪಿಯಲ್ಲಿ, ಮಣಿಪಾಲದ ಫ್ಲ್ಯಾಟುಗಳಲ್ಲಿ ನಾವು ಕೇಳುತ್ತಿರುವ ಸಂಭಾಷಣೆ ಹೀಗಿದೆ. ಅಜ್ಜಿ ‘ಖಾನಾ ಖಾಯೆ ಕ್ಯಾ?’ ಎನ್ನುತ್ತಾರೆ. ಮೊಮ್ಮಗು ‘ಡನ್ ನಾನಿಮಾ’ ಎನ್ನುತ್ತದೆ. ಬ್ಯಾರಿ ಮನೆಯಲ್ಲೂ ಇದೇ, ತುಳು ಮನೆಯಲ್ಲೂ ಇದೇ, ಕೊಂಕಣಿಯ ಮನೆಯಲ್ಲೂ ಇದೇ. ಅಜ್ಜಿಯ ಮಾತು ಮಗುವಿಗೆ ಅರ್ಥವಾಗುತ್ತದೆ, ನಾಲಗೆಗೆ ಬರುವುದಿಲ್ಲ. ಆ ಮಗುವಿನ ಮಗುವಿಗೆ ಅರ್ಥವೂ ಆಗುವುದಿಲ್ಲ. ಐರ್ಲೆಂಡಿನ ಮನೆಗಳಲ್ಲಿ ನಡೆದದ್ದು ಇದೇ: ಹಿರಿಯರು ಐರಿಷ್‌ನಲ್ಲಿ ಕೇಳಿದರು, ಕಿರಿಯರು ಇಂಗ್ಲಿಷಿನಲ್ಲಿ ಉತ್ತರಿಸಿದರು. ಮೂರು ತಲೆಮಾರು ಸಾಕು. ಕೊರಳಿಗೆ ಕೋಲು ಕಟ್ಟುವವರು ಇಂದು ಯಾರೂ ಇಲ್ಲ. ಕನ್ನಡ ಆಡಿದರೆ ದಂಡ ಹಾಕುವ ಇಂಗ್ಲಿಷ್ ಮೀಡಿಯಂ ಶಾಲೆಗಳ ಸುದ್ದಿ ಮಾತ್ರ ಆಗಾಗ ಕೇಳಿಬರುತ್ತದೆ. ಕನ್ನಡಕ್ಕೇ ಹೀಗಾದರೆ ಬ್ಯಾರಿ, ದಖ್ಖನಿಗಳ ಮಾತೆಲ್ಲಿ ಬಂತು?

ತಂದೆತಾಯಿಯನ್ನು ದೂರಿ ಫಲವಿಲ್ಲ. ದುಬೈ, ರಿಯಾದ್, ಬೆಂಗಳೂರು ಕೇಳುವುದು ಇಂಗ್ಲಿಷನ್ನು. ಅವರು ಮಾಡುತ್ತಿರುವುದು ಬರದ ಕಾಲದ ಐರಿಷ್ ತಾಯಿ ಮಾಡಿದ್ದನ್ನೇ. ಆದರೆ ಆಕೆಗೆ ತಿಳಿಯದ ಒಂದು ಸಂಗತಿ ನಮಗೆ ಕಣ್ಣೆದುರೇ ಇದೆ. ಮಗುವಿನ ತಲೆಯಲ್ಲಿ ಒಂದು ಮಾತು ಒಳಗೆ ಬರಲು ಇನ್ನೊಂದು ಹೊರಗೆ ಹೋಗಬೇಕಾಗಿಲ್ಲ. ನಾಲ್ಕನೇ ತರಗತಿ ದಾಟದ ಉಡುಪಿಯ ಅಂಗಡಿಕಾರರು ತುಳು, ಕನ್ನಡ, ಕೊಂಕಣಿ, ಬ್ಯಾರಿ, ಉರ್ದು ಐದರಲ್ಲೂ ಲೆಕ್ಕ ಹೇಳಿದ್ದನ್ನು ಕಂಡವರು ನಾವು. ಇಂಗ್ಲಿಷ್ ಆರನೆಯದಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಐದನ್ನೂ ಹೊರದಬ್ಬಿ ಒಂದೇ ಆಗಿ ಕುಳಿತರೆ ಮಾತ್ರ ನಷ್ಟ.

ಹಾಗಾದರೆ ಅಕಾಡೆಮಿ, ನಿಘಂಟು ಬೇಡವೇ? ಬೇಕು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ನಮ್ಮ ಜಿಲ್ಲೆಯ ಹೆಮ್ಮೆ. ಅವರ ಪತ್ನಿ ಸುಶೀಲಾ ಉಪಾಧ್ಯಾಯರು ಬ್ಯಾರಿ ಮಾತನ್ನೂ ಅಭ್ಯಾಸ ಮಾಡಿದ ವಿದ್ವಾಂಸರು. ಸುವೀರನ್ ಅವರ ‘ಬ್ಯಾರಿ’ ಚಿತ್ರ 2011ನೇ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಾಗ, ಅಂಥದೊಂದು ಭಾಷೆ ಇದೆ ಎಂದು ದಿಲ್ಲಿಗೂ ತಿಳಿಯಿತು. ಇವು ಮಾತಿಗೆ ಮರ್ಯಾದೆ ತರುತ್ತವೆ. ಮರ್ಯಾದೆ ಸಿಕ್ಕಿದ ಮಾತನ್ನು ಆಡಲು ನಾಚಿಕೆ ಕಡಿಮೆ. ಆದರೆ ನಿಘಂಟು ಶಬ್ದವನ್ನು ಕಾದಿಡುತ್ತದೆ. ಆಡುವುದು ಮನುಷ್ಯರ ಕೆಲಸ.

ಐರ್ಲೆಂಡಿನಲ್ಲಿ ಫಲ ಕೊಟ್ಟದ್ದು ಯಾವುದು ಎಂದು ನೋಡಿದರೆ ಅದು ಮೇಲಿಂದ ಬಂದ ಆಜ್ಞೆಗಿಂತ ಕೆಳಗಿನಿಂದ ಎದ್ದ ಹಟ. 1970ರಲ್ಲಿ ಕೊನೆಮಾರಾದ ಯುವಕರು ಪರವಾನಗಿ ಇಲ್ಲದೆ ತಮ್ಮ ಮಾತಿನಲ್ಲಿ ರೇಡಿಯೋ ಹಚ್ಚಿದರು. ಎರಡು ವರ್ಷದಲ್ಲಿ ಸರಕಾರವೇ ರೇಡಿಯೋ ಕೊಡಬೇಕಾಯಿತು. ನಗರಗಳ ತಂದೆತಾಯಿ ಒಟ್ಟುಗೂಡಿ ಐರಿಷ್ ಮಾಧ್ಯಮದ ಶಾಲೆಗಳನ್ನು ತೆರೆದರು. ಕಡ್ಡಾಯ ಪಾಠದಿಂದ ಓಡಿಹೋಗುತ್ತಿದ್ದವರ ಊರಿನಲ್ಲಿ ಸ್ವಂತ ಇಚ್ಛೆಯಿಂದ ಕ್ಯೂ ನಿಲ್ಲುವವರು ಹುಟ್ಟಿದರು. 2022ರಲ್ಲಿ ತೆರೆಕಂಡ ‘ಅನ್ ಕಲೀನ್ ಕ್ಯೂನ್’ ಎಂಬ ಐರಿಷ್ ಮಾತಿನ ಚಿತ್ರ ಆಸ್ಕರ್ ಪಟ್ಟಿಯವರೆಗೆ ಹೋಯಿತು. ಮಾತು ಸಾಯಲಿಲ್ಲ, ಸಾಯಲು ಬಿಡಲಿಲ್ಲ.

ನಮ್ಮಲ್ಲಿಯೂ ಕೆಳಗಿನಿಂದ ಏಳುವ ದಾರಿಗಳಿವೆ. ಕೊಲ್ಲಿಯಲ್ಲಿರುವ ಮಗ ಕಾಪುವಿನ ಉಮ್ಮನಿಗೆ ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸುವುದು ಬ್ಯಾರಿಯಲ್ಲಿ. ಲಿಪಿಯಿಲ್ಲದೆ ಸೊರಗಿದ ಮಾತಿಗೆ ಲಿಪಿ ಬೇಡದ ಅಂಚೆಯೊಂದು ಒದಗಿದೆ. ತುಳು ನಾಟಕದ ನಗೆ ಇನ್ನೂ ಸಭಾಂಗಣ ತುಂಬಿಸುತ್ತದೆ. ನಗಿಸುವ ಮಾತಿಗೆ ಆಯುಸ್ಸು ಹೆಚ್ಚು. ಮದ್ರಸದ ಉಸ್ತಾದರು ವಾರಕ್ಕೊಮ್ಮೆ ಮಕ್ಕಳಿಂದ ಅಜ್ಜಿಯ ಒಗಟು, ಜೋಗುಳ, ಗಾದೆ ಕೇಳಿ ತರಿಸಬಹುದು. ರಂಝಾನಿನಲ್ಲಿ ಪತ್ತಿರ್ ತಟ್ಟುವಾಗ ಅದರ ಹಿಟ್ಟಿನ ಹದಕ್ಕೆ ಉಮ್ಮ ಬಳಸುವ ಶಬ್ದವನ್ನು ಮಗಳು ಕೇಳಿ ಇಟ್ಟುಕೊಳ್ಳಬಹುದು. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ.

ಬೇಡಿಕೆಗಳನ್ನು ನಾವು ಬಿಡುವುದು ಬೇಡ. ತುಳು ಪರಿಚ್ಛೇದಕ್ಕೆ ಸೇರಲಿ, ಬ್ಯಾರಿ ಪುಸ್ತಕಗಳು ಬರಲಿ, ಉರ್ದು ಶಾಲೆಗೆ ಶಿಕ್ಷಕರು ಬರಲಿ, ಆ ಶಿಕ್ಷಕರು ದಖ್ಖನಿಯನ್ನು ಕೆಂಪು ಶಾಯಿಯಿಂದ ಹೊಡೆಯದೆ ಅದರ ಪಕ್ಕದಲ್ಲಿ ಶಿಷ್ಟ ಉರ್ದುವನ್ನೂ ಬರೆಸಲಿ. ಆದರೆ ಇವೆಲ್ಲ ದಿಲ್ಲಿ, ಬೆಂಗಳೂರಿನಲ್ಲಿ ತೀರ್ಮಾನವಾಗುವ ಸಂಗತಿಗಳು. ಅಡುಗೆಮನೆಯಿಂದ ಕೂಗಿ ಕೇಳಿದ ಅಜ್ಜಿಗೆ ಅದೇ ಮಾತಿನಲ್ಲಿ, ಸಾಧ್ಯವಾದರೆ ಒಂದು ಮಾತು ಹೆಚ್ಚೇ ಸೇರಿಸಿ ಉತ್ತರಿಸುವುದು ಇವತ್ತು ರಾತ್ರಿ ಊಟದ ಹೊತ್ತಿಗೇ ತೀರ್ಮಾನವಾಗಬಲ್ಲದು.